ದಾವಲಸಾಬ ಮುಚ್ಚಳ ತೆಗೆದದ್ದು

ಬಹಳ ಹಿಂದೆ, ಮಗ್ಗದ ಸದ್ದು ನಿಂತರೆ ತೊಟ್ಟಿಲ ಕೂಸುಗಳು ಎದ್ದು ಅಳುತ್ತಿದ್ದ ಕಾಲದಲ್ಲಿ, ಒಂದು ನೇಕಾರರ ಊರಿತ್ತು. ಆ ಊರಲ್ಲಿ ದಾವಲಸಾಬ ಅಂತ ಒಬ್ಬನಿದ್ದ. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದ, ಆಮೇಲೆ ಟಿವಿ, ಆಮೇಲೆ ಕಂಪ್ಯೂಟರು. ಕಂಪ್ಯೂಟರು ಆನ್ ಆಗುವಾಗಿನ ಕೂಗು ಕೇಳಿಯೇ, ರಸ್ತೆಯ ಆಚೆ ನಿಂತು ಅದರ ರೋಗ ಹೇಳುತ್ತಿದ್ದನಂತೆ. ಅಂಗಿಯ ಜೇಬಿನಲ್ಲಿ ಪೆನ್ಸಿಲ್ ಅಳಿಸುವ ರಬ್ಬರು ಇರುತ್ತಿತ್ತಂತೆ, ಅದರಿಂದ ಉಜ್ಜಿದರೆ ಸತ್ತ ಯಂತ್ರವೂ ಎದ್ದು ಕೂರುತ್ತಿತ್ತಂತೆ. ಸತ್ತದ್ದು ಎಲ್ಲಿ ಏಳುತ್ತದೆ, ಜನ ಒಂದಿಷ್ಟು ಸೇರಿಸಿ ಹೇಳುತ್ತಾರೆ. ಆದರೆ ಕಸ್ತೂರಿಯ ವಿಷಯದಲ್ಲಿ ಯಾರೂ ಏನೂ ಸೇರಿಸಬೇಕಾಗಿಲ್ಲ. ನಡೆದದ್ದೇ ಹೊಟ್ಟೆ ಉರಿಯುವಷ್ಟಿದೆ.

ಕಸ್ತೂರಿ ನೇಕಾರರ ಸಂಘದಲ್ಲಿ ಕಂಪ್ಯೂಟರಿನ ಮೇಲೆ ಸೀರೆಯ ಅಂಚು, ಸೆರಗು ಬಿಡಿಸುವ ಹುಡುಗಿ. ಮನೆಯಲ್ಲಿ ತಾಯಿ, ಒಂದು ಮಗ್ಗ. ಸಂಘದವರು ನೂಲು ಕೊಟ್ಟರೆ ಒಲೆ ಉರಿಯುತ್ತಿತ್ತು, ಇಲ್ಲದಿದ್ದರೆ ಇಲ್ಲ. ದೊಡ್ಡ ಸೆರಗಿನ ಚಿತ್ರ ತೆರೆಯುವಾಗ ಕಂಪ್ಯೂಟರು ಏದುಸಿರು ಬಿಡುತ್ತದೆ ಅಂತ ಅವಳೇ ಹೇಳಿ ಹೇಳಿ ಡಬ್ಬಿಯೊಳಗೆ ಸಿಕ್ಕಿಸುವ ಇನ್ನೊಂದು ರ್‍ಯಾಮ್ ಮೆಮೊರಿ ಕಾರ್ಡು ತರಿಸಿದ್ದಳು. ಒಂದೊಂದರಲ್ಲಿ ನಾಲ್ಕು ಜಿಬಿ, ಎರಡು ಸೇರಿ ಎಂಟು. ಪರದೆಯ ಮೇಲೆ ಎಂಟು ಅಂತ ಮೂಡಿದ ದಿನ ಅವಳು ಎಲ್ಲರಿಗೂ ಸಕ್ಕರೆ ಹಂಚಿದ್ದಳಂತೆ.

ಆಯುಧ ಪೂಜೆ ಬಂತು. ಸಂಘದ ಅಧ್ಯಕ್ಷ ಮಹಾರುದ್ರಪ್ಪ ಭಾರೀ ಭಕ್ತ. ಮಗ್ಗವನ್ನು ಬಿಚ್ಚಿ ಪೂಜಿಸುವ ಹಾಗೆ ಕಂಪ್ಯೂಟರಿನ ಡಬ್ಬಿಯನ್ನೂ ಬಿಚ್ಚಿಸಿದ. ಎರಡೂ ಕಾರ್ಡು ಹೊರಗೆ ತೆಗೆದು ಬಾಳೆ ಎಲೆಯ ಮೇಲಿಟ್ಟು, ನೀರಲ್ಲಿ ಕಲಸಿದ ಕುಂಕುಮ ಹಚ್ಚಿ, ಕೈ ಮುಗಿದು, ತಾನೇ ಮತ್ತೆ ಸಿಕ್ಕಿಸಿದ. ಮುಚ್ಚಳಕ್ಕೆ ನಾಲ್ಕು ಸ್ಕ್ರೂ ಬಿತ್ತು. ಆ ಊರಲ್ಲಿ ಒಂದು ಕಟ್ಟಳೆ ಇತ್ತು: ಪೂಜೆಯಾದ ಯಂತ್ರಕ್ಕೆ ದೀಪಾವಳಿ ಅಮಾವಾಸ್ಯೆ ದಾಟುವವರೆಗೆ ಪಾನಾ, ಸುತ್ತಿಗೆ ತಾಗಿಸಬಾರದು.

ಮರುದಿನ ಕಂಪ್ಯೂಟರು ನಾಲ್ಕೇ ತೋರಿಸಿತು. ಮದುವೆ ಸೀರೆಯ ಸೆರಗು ತೆರೆಯಲೇ ಇಲ್ಲ. ಕಸ್ತೂರಿ ತಾನಾಗಿ ಹೋಗಿ ಹೇಳಿದಳು. ಅದೇ ಅವಳ ತಪ್ಪಾಯಿತು. ಕೋಣೆಯ ಕೀಲಿ ಯಾರ ಹತ್ತಿರ ಇತ್ತು ಅಂತ ಮಹಾರುದ್ರಪ್ಪ ಕೇಳಿದ. ತನ್ನ ಹತ್ತಿರ ಅಂದಳು. ಹಾಗಾದರೆ ಅರ್ಧ ಮೆಮೊರಿ ನುಂಗಿದವಳು ನೀನೇ ಅಂದ. ಪೂಜೆಯ ದಿನ ಡಬ್ಬಿ ಬಿಚ್ಚಿದ್ದು ನೀವಲ್ಲವೇ ಅಂತ ಅವಳು ಕೇಳಿದ್ದಕ್ಕೆ, ದೇವರ ಕೆಲಸಕ್ಕೇ ಹೆಸರು ಇಡುತ್ತೀಯಾ ಅಂತ ಹಾರಾಡಿದ. ಸಂಘದ ಕಟ್ಟೆಯ ಮೇಲೆ ನಿಂತು, ನಾಲ್ಕು ಓಣಿಯ ಜನ ಕೇಳುವ ಹಾಗೆ ಅವಳನ್ನು ಕಳ್ಳಿ ಅಂದ. ತಾಯಿಯ ಮಗ್ಗಕ್ಕೆ ನೂಲು ನಿಲ್ಲಿಸಿದ.

ಒಬ್ಬನಾದರೂ ಬಾಯಿ ಬಿಟ್ಟನೇ? ಇಲ್ಲ. ಮುಚ್ಚಳ ತೆಗೆದು ನೋಡೋಣ ಅನ್ನಲು ಅಷ್ಟು ಗಂಡಸರಲ್ಲಿ ಒಬ್ಬನಿಗೂ ನಾಲಿಗೆ ಇರಲಿಲ್ಲ. ಕಸ್ತೂರಿ ಓಣಿಯಲ್ಲಿ ನಡೆದರೆ ಹೆಂಗಸರು ಬಾಗಿಲು ಎಳೆದುಕೊಳ್ಳುತ್ತಿದ್ದರಂತೆ. ಆರನೇ ದಿನ ಮನೆಯಲ್ಲಿ ಜೋಳದ ಹಿಟ್ಟು ಮುಗಿಯಿತು. ಅವತ್ತು ಅವಳು ದಾವಲಸಾಬನ ಅಂಗಡಿಗೆ ಹೋಗಿ, ತಾನು ಒಂದು ಸ್ಕ್ರೂ ಸಹ ಮುಟ್ಟಿಲ್ಲ ಅಂತಷ್ಟೇ ಹೇಳಿದಳು. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟ.

ಸಂಘದಲ್ಲಿ ಕಂಪ್ಯೂಟರು ಆರಿಸಿ ಮತ್ತೆ ಹಚ್ಚಿದ. ವಿಂಡೋಸ್ ಬರುವ ಮೊದಲೇ ಮೂಡುವ ಪರದೆಯಲ್ಲೂ ನಾಲ್ಕೇ ಇತ್ತು. ಹಾಗಾದರೆ ದೋಷ ವಿಂಡೋಸಿನದಲ್ಲ, ಡಬ್ಬಿಯ ಒಳಗಿದೆ, ಬಿಚ್ಚಬೇಕು ಅಂದ. ಅಮಾವಾಸ್ಯೆ ಆಗಲಿ ಅಂತ ಮಹಾರುದ್ರಪ್ಪ ಅಡ್ಡ ಬಂದ. ಆಗ ದಾವಲಸಾಬ ದನಿ ಏರಿಸದೆ ಹೇಳಿದನಂತೆ:

"ಅಮಾಸಿ ತನಕ ಸ್ಕ್ರೂಡ್ರೈವರ್ ಹಚ್ಚಿದ್ರ ಪಾಪ ಅಂತೀರಿ. ಈ ಹುಡುಗಿಗೆ ಕಳ್ಳಿ ಅಂದ್ರೆಲ್ಲ ಸಾವ್ಕಾರ್ರ, ಅದಕ್ಕ ಯಾವ ಅಮಾಸಿನೂ ಅಡ್ಡ ಬರಲಿಲ್ಲೇನು?"

ಪಾಪ ಬಂದರೆ ತನಗೇ ಬರಲಿ ಅಂತ ಡಬ್ಬಿಯನ್ನೂ ಪರದೆಯನ್ನೂ ಕಟ್ಟೆಗೆ ತಂದು, ಎಲ್ಲರ ಎದುರಿಗೆ ಬಿಚ್ಚಿದ. ಎರಡೂ ಕಾರ್ಡು ಅಲ್ಲೇ ನಿಂತಿದ್ದವು. ಎರಡನೆಯದನ್ನು ಎಳೆದು ಹಿಡಿದ. ಅದರ ಬಂಗಾರ ಬಣ್ಣದ ಹಲ್ಲುಗಳ ಮೇಲೆ ಕುಂಕುಮ ಒಣಗಿ ಗಟ್ಟಿಯಾಗಿತ್ತು. ಹಲ್ಲು ತಾಗದಿದ್ದರೆ ಕಂಪ್ಯೂಟರಿಗೆ ಆ ಕಾರ್ಡು ಇದ್ದೂ ಇಲ್ಲದ ಲೆಕ್ಕ ಅಂತ ವಿವರಿಸಿದ. ರಬ್ಬರಿನಿಂದ ಉಜ್ಜಿದ, ಕಾರ್ಡು ಕೂರುವ ಸಂದನ್ನು ಒಣ ಬ್ರಷ್ಷಿನಿಂದ ಕೊಡವಿದ, ಸಿಕ್ಕಿಸಿ ಹಚ್ಚಿದ. ಪರದೆಯಲ್ಲಿ ಎಂಟು ಮೂಡಿತು. ಆ ಎಂಟು ಕುಂಕುಮದ ಬಣ್ಣದಲ್ಲಿ ಮೂಡಿತು ಅಂತಾರೆ. ಸುಳ್ಳು. ದಿನಾ ಮೂಡುವ ಬಿಳಿ ಬಣ್ಣದಲ್ಲೇ ಮೂಡಿತು.

ಸಿಕ್ಕಿತಲ್ಲ, ಇನ್ನು ಎಲ್ಲರೂ ಕೆಲಸ ನೋಡಿಕೊಳ್ಳಿ ಅಂತ ಮಹಾರುದ್ರಪ್ಪ ಧೋತರ ಕೊಡವಿಕೊಂಡು ಎದ್ದ. ದಾವಲಸಾಬ ಬಿಡಲಿಲ್ಲ:

"ಸಿಕ್ಕಿತು ಅನಬ್ಯಾಡ್ರಿ. ಕಳಕೊಂಡದ್ದು ಸಿಗತೈತಿ. ಇದು ಇಲ್ಲೇ ಇತ್ತು. ಕಂಪ್ಯೂಟರಿಗೆ ಕಾಣಲಿಲ್ಲ, ನಿಮಗ ನೋಡಾಕ ಮನಸಿರಲಿಲ್ಲ."

ಇದೇ ಕಟ್ಟೆಯ ಮೇಲೆ ತಪ್ಪಾಯಿತು ಅನ್ನಿ, ಮುಚ್ಚಳ ಹಾಕುತ್ತೇನೆ ಅಂದ ದಾವಲಸಾಬ. ಮಹಾರುದ್ರಪ್ಪ ಆಕಾಶ ನೋಡುತ್ತ ನಿಂತ. ದಾವಲಸಾಬ ನಾಲ್ಕೂ ಸ್ಕ್ರೂ ಕಸ್ತೂರಿಯ ಅಂಗೈಗೆ ಹಾಕಿ, ಅವರು ಆ ಮಾತು ಆಡಿದ ದಿನ ಕೊಡು ಅಂದ.

ಮಹಾರುದ್ರಪ್ಪ ನೂಲು ಕಳಿಸಿದ, ತೆಂಗಿನಕಾಯಿ ಕಳಿಸಿದ, ಆಳಿನ ಕೈಯಲ್ಲಿ ಕುಪ್ಪಸದ ಖಣ ಕಳಿಸಿದ. ಆ ಒಂದು ಮಾತು ಕಳಿಸಲಿಲ್ಲ. ಹಾಗೇ ಸತ್ತ. ದಾವಲಸಾಬನೂ ಹೋದ, ಕಸ್ತೂರಿಯೂ ಹೋದಳು.

ಈಗಲೂ ಆ ಸಂಘದಲ್ಲಿ ಯಾವ ಹೊಸ ಕಂಪ್ಯೂಟರು ಬಂದರೂ ಮೊದಲ ದಿನವೇ ಅದರ ಪಕ್ಕದ ಮುಚ್ಚಳ ತೆಗೆದುಬಿಡುತ್ತಾರೆ. ಅದಕ್ಕೆ ದಾವಲಸಾಬನ ಬಾಗಿಲು ಅಂತಾರೆ. ಪ್ರತಿ ಆಯುಧ ಪೂಜೆಗೆ ಆಗಿನ ಅಧ್ಯಕ್ಷ ಯಾರೇ ಇರಲಿ, ಬರಿಗಾಲಲ್ಲಿ ಕಸ್ತೂರಿಯ ಮನೆಗೆ ನಡೆದು ಹೋಗಿ, ತಪ್ಪಾಯಿತು ಅನ್ನುತ್ತಾನೆ. ಆ ಮನೆಯ ಹಿರಿಯಳು ಅವನಿಗೆ ನೀರು ಕೊಟ್ಟು, ಕೂರಿಸಿ, ಪ್ರತಿ ವರ್ಷ ಅದೇ ಉತ್ತರ ಹೇಳುತ್ತಾಳೆ:

"ಹೇಳಬೇಕಾದಾವ ನೀ ಅಲ್ಲಪ್ಪಾ."

ಸ್ಕ್ರೂ ಕೊಡುವುದಿಲ್ಲ.