ಬಾಳವ್ವನ ವಾಡೆ

ಅರೆಗೊಪ್ಪದ ಕೆಂಪುಗಲ್ಲಿನ ವಾಡೆಯನ್ನು ಕಟ್ಟಿಸಿದವರು ದೇಸಾಯರು, ಅಲ್ಲಿ ಬಾಳಿದವರೂ ದೇಸಾಯರೇ. ಊರವರು ಮಾತ್ರ ಅದನ್ನು ಬಾಳವ್ವನ ವಾಡೆ ಎನ್ನುತ್ತಾರೆ. ಮಾಳಿಗೆಯಲ್ಲಿ ಒಂದು ತುಂಡು ಮರವಿಲ್ಲ, ಎಲ್ಲವೂ ಚಪ್ಪಡಿಗಲ್ಲು. ತಲೆಬಾಗಿಲು ದಾಟಿದರೆ ಪಡಸಾಲೆಯ ನಟ್ಟನಡುವೆ, ದಾರಿಗೆ ಅಡ್ಡವಾಗಿ ಒಂದೇ ಒಂದು ಕಂಬ. ತಿಳಿದ ಯಾವ ಶಿಲ್ಪಿಯೂ ಅಲ್ಲಿ ಕಂಬ ನಿಲ್ಲಿಸುವುದಿಲ್ಲ.

ಹಿಂದೆ ದಾಳಿಕಾರರು ಹಳೆಯ ಮನೆಯನ್ನು ಸುಟ್ಟಾಗ, ಬೆಂಕಿಗೆ ಹೆದರದ ಮನೆ ಬೇಕೆಂದು ರುದ್ರಗೌಡ ದೇಸಾಯರು ಕಲ್ಲುಕುಟಿಗ ಭರಮಪ್ಪನನ್ನು ಕರೆಸಿದರಂತೆ. ಗೋಡೆಗಳೆದ್ದವು. ಪಡಸಾಲೆಯ ಮಾಳಿಗೆಗೆಂದು ಅವನು ದೊಡ್ಡದೊಂದು ಚಪ್ಪಡಿ ಆರಿಸಿ, ಅದರ ಮೇಲೆ ತಾವರೆ ಕೆತ್ತಿ, ಅದು ಗಣಿಯಿಂದ ಬರುವ ಮೊದಲೇ ಜ್ವರದಿಂದ ತೀರಿಕೊಂಡ. ಇಪ್ಪತ್ತು ವರ್ಷ ಅವನ ಜೊತೆಗೇ ಉಳಿ ಹಿಡಿದಿದ್ದ ಹೆಂಡತಿ ಬಾಳವ್ವ ಉಳಿದ ಕೆಲಸವನ್ನು ಕೈಗೆತ್ತಿಕೊಂಡಳು. ಚಪ್ಪಡಿ ಬಂದ ದಿನ ಅದಕ್ಕೆ ಸುತ್ತಿಗೆ ತಾಗಿಸಿ ಕಿವಿಗೊಟ್ಟಳು. ಗಟ್ಟಿ ಕಲ್ಲು ಗಂಟೆಯಂತೆ ನುಡಿಯುತ್ತದೆ. ಇದು ಒಡೆದ ಮಡಕೆಯಂತೆ ನುಡಿಯಿತು.

"ಇದನ್ನ ಏರಸೂದು ಬ್ಯಾಡ್ರಿ ಧಣೀ" ಎಂದಳು.

"ನಿನ್ನ ಗಂಡನೇ ಆರಿಸಿದ ಕಲ್ಲು ಇದು, ಬಾಳವ್ವಾ. ಅವಗ ತಿಳೀದ್ದು ನಿನಗ ತಿಳೀತೇನು?" ಎಂದರು ದೇಸಾಯರು.

"ಅವರು ಆರಿಸಿದಾಗ ಗಟ್ಟಿ ಇತ್ರಿ. ದಾರ್ಯಾಗ ಬಂಡಿ ಮಗುಚಿತಲ್ರಿ, ಆವಾಗ ಒಳಗ ಸೀಳೈತಿ. ಅವರಿದ್ದಿದ್ರ ಅವರೂ ಏರಸ್ತಿರಲಿಲ್ಲ."

ದೇಸಾಯರು ಒಪ್ಪಲಿಲ್ಲ. ಬಾಳವ್ವ ಗಂಡನ ಕೈಯ ತಾವರೆಯನ್ನು ಒಮ್ಮೆ ಸವರಿ, ಅದರ ಪಕ್ಕದಲ್ಲೇ ಸುತ್ತಿಗೆಯೆತ್ತಿ ಹೊಡೆದಳು. ಚಪ್ಪಡಿ ಹೂವಿನ ನಡುವೆಯೇ ಇಬ್ಭಾಗವಾಯಿತು. ಒಳಗಿನ ಬಿರುಕಿನಲ್ಲಿ ದಾರಿಯ ಧೂಳು ಕೂತಿತ್ತು. ಅವಳು ಆಗ ಅತ್ತಳಂತೆ, ಗಂಡ ಸತ್ತ ದಿನ ಅಳದಷ್ಟು.

ಅಷ್ಟು ಉದ್ದದ ಕಲ್ಲು ಗಣಿಯಲ್ಲಿ ಮತ್ತೊಂದಿರಲಿಲ್ಲ. ಬಾಳವ್ವ ಎರಡು ಗಿಡ್ಡ ಚಪ್ಪಡಿಗಳನ್ನು ಹೊಂದಿಸಿ, ಅವು ಕೂಡುವಲ್ಲಿ ಕಂಬ ನಿಲ್ಲಿಸಿದಳು. ಆಸರೆಯ ಮರಗಳಿಗೆ ಹಗ್ಗ ಕಟ್ಟಿ ಎಳೆದು ಬಿಡಿಸುವ ದಿನ ಆಳುಗಳು ಹಿಂದೆ ಸರಿದರು. ಹೆಂಗಸು ಏರಿಸಿದ ಮಾಳಿಗೆ ನಿಂತೀತೇ ಎಂಬ ಅಳುಕು. ಅವಳು ಸೀರೆಯ ಸೆರಗು ಬಿಗಿದು ಚಪ್ಪಡಿಗಳ ಕೆಳಗೆ ಹೋಗಿ ನಿಂತು, "ಎಳೀರಿ" ಎಂದಳು. ಯಾರೂ ಹಗ್ಗ ಮುಟ್ಟಲಿಲ್ಲ. ಆಗ ದೇಸಾಯರು ರುಮಾಲು ತೆಗೆದಿಟ್ಟು, ಒಳಗೆ ನಡೆದು ಅವಳ ಪಕ್ಕದಲ್ಲಿ ನಿಂತರು. ಆಳುಗಳು ಹಗ್ಗ ಎಳೆದರು, ಮರಗಳು ಒಂದೊಂದಾಗಿ ಬಿದ್ದವು. ಮಾಳಿಗೆ ಕೂದಲೆಳೆಯಷ್ಟೂ ಅಲುಗಲಿಲ್ಲ.

"ನಾವು ಇಲ್ಲಿ ಇರೋರು ಅಷ್ಟ. ವಾಡೆ ಬಾಳವ್ವಂದು" ಎಂದು ದೇಸಾಯರು ನೆರೆದವರ ಮುಂದೆ ಹೇಳಿದರಂತೆ. ಹೆಸರು ಹಾಗೇ ನಿಂತಿತು.

ಇಂದು ಆ ವಾಡೆಯಲ್ಲಿ ಯಾರೂ ವಾಸವಿಲ್ಲ, ಬಾಗಿಲಿಗೆ ಬೀಗವೂ ಇಲ್ಲ. ಬೇಸಿಗೆಯ ಮಧ್ಯಾಹ್ನ ನೋಡಲು ಬಂದವರು ಹೆಜ್ಜೆ ಸಪ್ಪಳ ಮಾಡದೆ ನಡೆಯಬೇಕಾಗುತ್ತದೆ. ಊರಿನ ತಾಯಂದಿರು ಎಳೆಗೂಸುಗಳನ್ನು ತಂಪಿಗೆಂದು ಅಲ್ಲಿಗೇ ತಂದು ಮಲಗಿಸಿರುತ್ತಾರೆ.