ಅಕ್ಕಿ ಬರುವ ದಾರಿ

ಹೊಳೆ ದಂಡೆಯ ಆ ಆಶ್ರಮದಲ್ಲಿ ರೋಗಿಗಳಿಗೆ ಬೆಳಿಗ್ಗೆ ಮೊದಲು ಗಂಜಿ, ಆಮೇಲೆ ಮದ್ದು. ಬರಿಹೊಟ್ಟೆಗೆ ಬಿದ್ದರೆ ಆ ಮದ್ದು ಕರುಳನ್ನೇ ಸುಡುತ್ತದೆ.

ಅಂದು ಗಂಜಿ ಇರಲಿಲ್ಲ.

ಉಗ್ರಾಣದ ಹೊಣೆ ಹೊತ್ತ ಶಿಷ್ಯ ಮಲ್ಲಯ್ಯ ದಂಡೆಯ ಮೇಲೆ ನಿಂತು ಆಚೆ ದಡಕ್ಕೆ ಬೈಯುತ್ತಿದ್ದ. ಕೆಂಪು ನೀರಿನ ಭೋರ್ಗರೆತದಲ್ಲಿ ಬೈಗುಳ ಅರ್ಧ ಹೊಳೆಯನ್ನೂ ದಾಟುತ್ತಿರಲಿಲ್ಲ.

"ಯಾರಿಗಪ್ಪ ಈ ಮಂಗಳಾರತಿ?" ಗುರು ಸಿದ್ದಮ್ಮನವರು ಹಿಂದೆ ಬಂದು ನಿಂತಿದ್ದರು.

"ಅಕ್ಕಿ ವರ್ತಕರಿಗೆ, ಅಮ್ಮ. ಒಬ್ಬ ಕೈಕೊಟ್ಟರೆ ಇನ್ನೊಬ್ಬ ಇರಲಿ ಅಂತ ಮೂವರನ್ನು ಗೊತ್ತುಮಾಡಿದ್ದೆ. ಮೂವರೂ ಕೈಕೊಟ್ಟರು!"

"ಮೂವರೂ ಒಟ್ಟಿಗೆ? ಮಾತಾಡಿಕೊಂಡು ಮಾಡಿದರೋ?"

"ಇಲ್ಲ. ಹೊಳೆ ಉಕ್ಕಿ ದೋಣಿ ಒಡೆದುಹೋಯಿತು."

"ಯಾರ ದೋಣಿ?"

"ಅಂಬಿಗ ದುರ್ಗಪ್ಪನದು."

"ಅದರಲ್ಲಿ ಒಬ್ಬನ ಅಕ್ಕಿ ಹೋಯಿತು. ಉಳಿದಿಬ್ಬರದು ಯಾವ ದೋಣಿಯಲ್ಲಿ ಬರುತ್ತದೆ?"

"ಅದೂ ಅದರಲ್ಲೇ... ಇಲ್ಲಿ ಇರುವುದು ಅದೊಂದೇ ದೋಣಿ," ಎಂದ ಮಲ್ಲಯ್ಯ. ಮೂವರ ಅಕ್ಕಿಯನ್ನೂ ಅವನು ಮೂಸಿ ನೋಡಿದ್ದ, ಹಲ್ಲಲ್ಲಿ ಕಡಿದು ನೋಡಿದ್ದ. ಹೇಗೆ ಬರುತ್ತದೆ ಅಂತ ಮಾತ್ರ ಕೇಳಿರಲಿಲ್ಲ.

"ಹೊಳೆ ಉಕ್ಕಿದರೆ ನಾನೇನು ಮಾಡಲಿ, ಅಮ್ಮ?" ಅವನಿಗೂ ರೇಗಿತು.

"ಬಾ. ಅದನ್ನೇ ಒಳಗೆ ಹೇಳು."

ರಟ್ಟೆ ಹಿಡಿದು ರೋಗಿಗಳ ಪಡಸಾಲೆಗೆ ಎಳೆದೊಯ್ದರು. ಹೊಟ್ಟೆನೋವಿನ ಮುದುಕಿ ತುಂಗವ್ವ ತಟ್ಟೆ ಹಿಡಿದು ಕೂತಿದ್ದಳು.

"ಅಜ್ಜಿ, ನಾನು ಮೂವರು ವರ್ತಕರನ್ನು..."

"ಏನು ಮಗಾ, ನಿನ್ನ ವರ್ತಕರನ್ನೇ ಬೇಯಿಸಿ ಬಸಿದು ಕುಡಿಯಲೇನು?"

ಪಡಸಾಲೆಯಲ್ಲಿ ಯಾರೂ ನಗಲಿಲ್ಲ.

ಹೊರಗೆ ಬಂದಾಗ ಮಲ್ಲಯ್ಯನ ಕಿವಿ ಕೆಂಪಾಗಿತ್ತು. "ನಾಳೆಯಿಂದ ಐವರನ್ನು ಗೊತ್ತುಮಾಡುತ್ತೇನೆ, ಅಮ್ಮ."

ಸಿದ್ದಮ್ಮನವರು ಖಾಲಿ ಗೋಣಿಚೀಲವನ್ನೆತ್ತಿ ಅವನ ಎದೆಗೆ ಎಸೆದರು. "ಹೂಂ, ಐವರನ್ನೂ ಅದೇ ದೋಣಿಗೆ ಹತ್ತಿಸು! ಬೆನ್ನ ಹಿಂದಿನ ಗುಡ್ಡ ಕಾಣುತ್ತದೋ ಇಲ್ಲವೋ ನಿನಗೆ? ಅಲ್ಲಿ ರಾಗಿ ಬೆಳೆಯುವುದಿಲ್ಲವೇ?"

"ಸುಗ್ಗಿಯಲ್ಲಿ ಗುಡ್ಡದವರೇ ತಂದಿದ್ದರು. ಕಲ್ಲಿತ್ತು. ಬೇಡ ಅಂತ ವಾಪಸ್ಸು ಕಳಿಸಿದೆ."

"ಹೋಗಿ ಕಾಲಿಗೆ ಬಿದ್ದು ಕೇಳು. ಕಲ್ಲು ನಾನು ಆರಿಸುತ್ತೇನೆ."

ಮಲ್ಲಯ್ಯ ಚೀಲ ಹೆಗಲಿಗೇರಿಸಿದ. ನಾಲ್ಕು ಹೆಜ್ಜೆ ಹೋದವನಿಗೆ ಜೀವ ಬಂದಂತಾಯಿತು.

"ಆ ದಾರಿಗೆ ಹೊಳೆಯ ಕಾಟವಿಲ್ಲ, ಅಮ್ಮ," ಎಂದು ತಿರುಗಿ ಕೂಗಿದ. "ಇನ್ನು ಚಿಂತೆಯೇ ಇಲ್ಲ!"

ಸಿದ್ದಮ್ಮನವರ ದನಿ ಹೊಳೆಯ ಸದ್ದನ್ನೂ ಮೀರಿ ಬಂತು.

"ಎಂಥ ಮಳೆಗೆ ಗುಡ್ಡ ಕುಸಿಯುತ್ತದೆ ಅಂತಲೂ ಕೇಳಿಕೊಂಡು ಬಾ!"