ಸುಗಲಾಬಾಯಿ ತೊಳೆದಿಟ್ಟ ಭರಣಿ

ದೀಪದ ಕುಡಿ ಚಿವುಟಿ, ಕೈಯಲ್ಲಿ ನಾಲ್ಕು ಅಕ್ಷತೆ ಹಿಡಿದು, ಭರಣಿಗೌರಿಯ ಮಹಿಮೆಯನ್ನು ಮನಸ್ಸಿಟ್ಟು ಕೇಳುವಂಥವರಾಗಿ.

ಭೀಮಾತೀರದ ಒಂದು ಪೇಟೆಯಲ್ಲಿ ಸಂಗಪ್ಪನೆಂಬ ಉಪ್ಪಿನ ವ್ಯಾಪಾರಿ ಇದ್ದನು. ಅವನ ಹೆಂಡತಿ ಸುಗಲಾಬಾಯಿ. ಮನೆಯಲ್ಲಿ ಉಪ್ಪಿಗೆ ಬರವಿಲ್ಲ, ಹಿತ್ತಲಲ್ಲಿ ನಿಂಬೆಗೆ ಬರವಿಲ್ಲ. ಆಕೆಯ ಅತ್ತೆ ವೈಶಾಖದ ಮೊದಲ ಶುಕ್ರವಾರ ನಿಂಬೆಯನ್ನು ಬುಡ ಬಿಡದಂತೆ ನಾಲ್ಕಾಗಿ ಸೀಳಿ, ಒಡಲಿಗೆ ಕಲ್ಲುಪ್ಪು ತುಂಬಿ, ಭರಣಿಗೆ ಒತ್ತಿ, ಬೀದಿಗೆ ಕಾಣುವಂತೆ ಕಟ್ಟೆಯ ಮೇಲೆ ಬಿಸಿಲಿಗಿಟ್ಟು, ದಿನವೂ ಕುಲುಕಿ, ಐದನೆಯ ಶುಕ್ರವಾರ ಭರಣಿಗೌರಿಯೆಂದು ಪೂಜಿಸಿ, ಮೊದಲ ಹಣ್ಣನ್ನು ಹೊಸ್ತಿಲಾಚೆ ಕೊಟ್ಟು, ಬಟ್ಟಲು ಹಿಡಿದು ಬಂದವರಿಗೆ ಇಲ್ಲವೆನ್ನದೆ ವ್ರತ ನಡೆಸುತ್ತಿದ್ದಳು.

ಅತ್ತೆ ಕಾಲವಾದ ಮೇಲೆ ಸುಗಲಾಬಾಯಿ, ಕಂಡವರೆಲ್ಲ ಕೇಳುತ್ತಾರೆಂದು ಎಣಿಸಿ, ಹಣ್ಣು ಹದವಾದದ್ದೇ ತಡ, ಪೂಜೆಯನ್ನೂ ಬಿಟ್ಟು ಭರಣಿಯನ್ನು ಜೋಳದ ಕಣಜದ ಹಿಂದೆ ಅಡಗಿಸಿದಳು. ಬಿಸಿಲಿಲ್ಲ, ಕುಲುಕುವವರಿಲ್ಲ. ಯಾರಾದರೂ ಕಂಡಾರೆಂದು ಆತುರದಲ್ಲಿ ಒದ್ದೆ ಕೈಯನ್ನೇ ಅದ್ದಿ ಹೋಳು ತೆಗೆಯುವಳು.

ಆಷಾಢದಲ್ಲಿ ಎದುರುಮನೆಯ ನೇಕಾರನು ಜ್ವರದಿಂದ ಎದ್ದು, ಬಾಯಿ ಕೆಟ್ಟು, ಗಂಜಿ ಸೇರದೆ ಸೊರಗಿದನು. ಅವನ ಹೆಂಡತಿ ಭೋರಮ್ಮ ಬಟ್ಟಲು ಹಿಡಿದು ಬಂದು ಒಂದು ಹೋಳು ಕೇಳಿದಳು. ಆಗತಾನೆ ಉಂಡು ಎದ್ದಿದ್ದ ಸುಗಲಾಬಾಯಿ, "ತೀರ್ಯಾವವ್ವ, ಭರಣೀನೂ ತೊಳದಿಟ್ಟೀನಿ" ಎಂದಳು. ಆಕೆಯ ಬೆರಳುಗಳು ನಿಂಬೆಯ ವಾಸನೆ ಹೊಡೆಯುತ್ತಿದ್ದವು. ಭೋರಮ್ಮನ ಮೂಗಿಗೆ ಅದು ತಿಳಿಯಿತು. ಬಟ್ಟಲನ್ನು ಸೆರಗಿನಡಿ ಮಾಡಿಕೊಂಡು ಹೋದಳು.

ಭಾದ್ರಪದದಲ್ಲಿ ಅದೇ ಜ್ವರ ಸಂಗಪ್ಪನನ್ನು ಹಿಡಿಯಿತು. ಜ್ವರ ಬಿಟ್ಟರೂ ಬಾಯಿ ಕಹಿ ಬಿಡಲಿಲ್ಲ. ಮೂರು ದಿನ ಗಂಜಿಯ ತಟ್ಟೆಯನ್ನು ತಳ್ಳಿದನು. ಇನ್ನೆರಡು ದಿನ ಹೀಗಾದರೆ ಆಳು ಉಳಿಯುವುದಿಲ್ಲವೆಂದು ನಾಡಿ ನೋಡಿದ ಪಂಡಿತರು ಹೇಳಿಹೋದರು. ಸುಗಲಾಬಾಯಿ ಕಣಜದ ಹಿಂದಿನಿಂದ ಭರಣಿ ಎಳೆದು ಮುಚ್ಚಳ ತೆಗೆದರೆ, ಮೇಲೆಲ್ಲ ಬೂಸಲು, ಒಳಗೆಲ್ಲ ಲೋಳೆ. ಊರಿಗೇ ಉಪ್ಪು ಮಾರುವವರ ಮನೆಯ ಉಪ್ಪಿನ ಹಣ್ಣು ಕೊಳೆತಿತ್ತು.

ಬೇರೆ ದಾರಿಯಿಲ್ಲದೆ, ಸೆರಗನ್ನು ಮೂಗಿನ ತನಕ ಎಳೆದು, ಬಟ್ಟಲು ಹಿಡಿದು ಬೀದಿ ದಾಟಿದಳು. ಹತ್ತು ಹೆಜ್ಜೆಯ ಬೀದಿ ಹತ್ತು ಹರಿದಾರಿಯಾಯಿತು. ಭೋರಮ್ಮನ ಮನೆಯೊಳಗೆ ನೇಕಾರನ ಮಗ್ಗ ಮತ್ತೆ ಸದ್ದು ಮಾಡುತ್ತಿತ್ತು, ಕಟ್ಟೆಯ ಮೇಲೆ ಆಕೆ ಆಷಾಢದಲ್ಲಿ ತಾನೇ ತುಂಬಿದ ಹೊಸ ಭರಣಿ ಬಿಸಿಲು ಕಾಯುತ್ತಿತ್ತು.

"ಅಕ್ಕಾರ, ಅವತ್ತು ತೊಳದಿಟ್ಟ ಭರಣಿ ಇನ್ನೂ ಒಣಗಿಲ್ಲೇನ್ರಿ?" ಎಂದಳು ಭೋರಮ್ಮ.

ಸುಗಲಾಬಾಯಿಯ ತಲೆ ಏಳಲಿಲ್ಲ. "ತೊಳದಿರಲಿಲ್ಲವ್ವ. ಸುಳ್ಳು ಹೇಳಿದ್ದೆ" ಎಂದಳು.

"ಗೊತ್ತದ. ಬೆರಳು ಹೇಳಿದ್ವು" ಎಂದು ಭೋರಮ್ಮ ಒಣ ಚಮಚದಿಂದ ಎರಡು ಹಣ್ಣು ತೆಗೆದು ಬಟ್ಟಲಿಗಿಟ್ಟು, ಸುಗಲಾಬಾಯಿಯ ಅತ್ತೆಯಿಂದಲೇ ತಾನು ಕಲಿತ ಕ್ರಮವನ್ನು ಹೇಳಿದಳು. ಗಂಜಿಗೆ ಸಿಪ್ಪೆಯನ್ನು ಹಿಚುಕಿ ಹಾಕುವುದು, ತಿರುಳು ಬೇಡ. ಉಪ್ಪು ತೊಳೆದ ಹೋಳಿಗೆ ಬೆಲ್ಲ, ಶುಂಠಿ ಸೇರಿಸಿದರೆ ಪಾನಕ. ಮಜ್ಜಿಗೆಗೆ ಭರಣಿಯ ರಸವೇ ಸಾಕು, ಮತ್ತೆ ಉಪ್ಪು ಹಾಕಿದರೆ ಕೆಟ್ಟಿತು. ಬೇಳೆಸಾರಿಗೆ ಒಲೆಯಿಂದ ಇಳಿಸಿದ ಮೇಲೆ, ಕುದಿಸಿದರೆ ಕಹಿ. ಮೊಸರನ್ನಕ್ಕೆ ಸಣ್ಣಗೆ ಹೆಚ್ಚಿ ಒಗ್ಗರಣೆಯೊಡನೆ. ಹಣ್ಣು ಸದಾ ರಸದಲ್ಲಿ ಮುಳುಗಿರಬೇಕು, ಭರಣಿ ಸದಾ ಜನರ ಕಣ್ಣಿಗೆ ಬೀಳಬೇಕು.

ಸಂಗಪ್ಪನು ಆ ಮಧ್ಯಾಹ್ನವೇ ತಟ್ಟೆ ಬಳಿದು ಉಂಡನು. "ಯಾರ ಮನೀದು?" ಎಂದು ಕೇಳಿದನು. ಆಕೆ ಹೇಳಿದಳು, ಯಾಕೆಂಬುದನ್ನೂ ಹೇಳಿದಳು.

ಮರುವರ್ಷ ವೈಶಾಖದಲ್ಲಿ ಸುಗಲಾಬಾಯಿ ಕ್ರಮವಾಗಿ ಭರಣಿ ತುಂಬಿ, ಐದನೆಯ ಶುಕ್ರವಾರ ಓಣಿಯ ಮುತ್ತೈದೆಯರನ್ನು ಕರೆದು, ಮೊದಲ ಹಣ್ಣನ್ನು ಭೋರಮ್ಮನ ಬಟ್ಟಲಿಗಿಟ್ಟು, ದೀಪದ ಮುಂದೆ ಕೂತು ಈ ಕಥೆಯನ್ನು ತನ್ನ ಬಾಯಿಂದಲೇ ಹೇಳಿದಳು. ಬೆರಳಿನ ವಾಸನೆಯ ಮಾತು ಬಂದಾಗ ಬತ್ತಿ ಸರಿಪಡಿಸುವ ನೆಪದಲ್ಲಿ ದೀಪದತ್ತ ಬಾಗಿದಳು. ಭೋರಮ್ಮ, "ಹೇಳ್ರಿ ಅಕ್ಕಾರ, ಕೇಳಾಕತ್ತೀವಿ" ಎಂದಳು. ಸುಗಲಾಬಾಯಿ ಮತ್ತೆ ನಿಲ್ಲಿಸದೆ ಕೊನೆತನಕ ಹೇಳಿದಳು. ಅಂದಿನಿಂದ ಆ ಮನೆಯ ಭರಣಿಗೆ ಬೂಸಲು ಹಿಡಿಯಲಿಲ್ಲ, ಬರಿಯ ಬಟ್ಟಲು ಆ ಬಾಗಿಲಿಂದ ಹಿಂದಿರುಗಲಿಲ್ಲ.

ಈ ಕಥೆಯನ್ನು ಹೇಳಿದವರ ನಾಲಿಗೆಗೆ, ಕೇಳಿದವರ ಮನೆಯ ರೋಗಿಗೆ, ಹೂಂಗುಟ್ಟಿದವರ ಭರಣಿಗೆ ಭರಣಿಗೌರಿ ರುಚಿ ಕೆಡದಂತೆ ಕಾಯಲಿ. ಈಗ ಅಕ್ಷತೆ ಹಾಕಿ. ಆಮೇಲೆ ಯಾರ ಭರಣಿ ಕಣಜದ ಹಿಂದಿದೆಯೋ ಅವರು ಎದ್ದುಹೋಗಿ ಕಟ್ಟೆಗೆ ತಂದಿಡಿ. ನಾವು ಕಾಯುತ್ತೇವೆ.